ಹೇಳಿದ್ದೊಂದು, ಬರೆದದ್ದೊಂದು

ಮಾಜಿಂಗ್ ಪೇಟೆಯಲ್ಲಿ ಯಾವ ಮನೆಯ ಮೇಜಿನ ಖಾನೆ ಎಳೆದರೂ ಥಾನ್ ವೈದ್ಯರ ಹಳೇ ಚೀಟಿ ನಾಲ್ಕಾರು ಸಿಕ್ಕೇ ಸಿಗುತ್ತವೆ. ಜನ ಅವನ್ನು ಎಸೆಯುವುದಿಲ್ಲ. ಅದೇ ಕೆಮ್ಮು ಮತ್ತೆ ಬಂದರೆ ಅದೇ ಚೀಟಿ ಸಾಕು ಎಂಬ ಲೆಕ್ಕಾಚಾರ. ಹಾಗೆ ಮಾಡಬಾರದು ಎಂದು ಥಾನ್ ವೈದ್ಯರು ಸಾವಿರ ಸಲ ಬೈದಿದ್ದಾರೆ, ಜನ ಸಾವಿರ ಸಲ ತಲೆಯಾಡಿಸಿದ್ದಾರೆ. ಚೀಟಿಯ ಅಕ್ಷರ ಮಾತ್ರ ನೋಡುವ ಹಾಗಿರುತ್ತದೆ, ಹೊಸ ವರ್ಷಕ್ಕೆ ಶುಭವಾಕ್ಯವೆಂದು ಬಾಗಿಲಿಗೆ ಅಂಟಿಸಬಹುದು, ಅಷ್ಟು ದುಂಡು. ಅದು ಅವರ ಶಿಷ್ಯೆ ಪು ರೂಯಿಂಗಳ ಅಕ್ಷರ. ಆ ಅಕ್ಷರವೇ ಅವಳಿಗೆ ಶತ್ರುವಾಯಿತು ಎಂದರೆ ಪೇಟೆಯವರು ನಂಬುವುದಿಲ್ಲ.

ರೂಯಿಂಗ್ ಬೆಟ್ಟದ ಮೇಲಿನ ಹಳ್ಳಿಯವಳು. ಕಾಲೇಜು ಸೇರುವ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಪ್ಪ ಅವಳನ್ನು ಶಿಷ್ಯೆಯಾಗಿಸಲು ವೈದ್ಯ ಥಾನ್ ಯುವಾನ್‌ಹೆಂಗರ ಮನೆಗೆ ಕರೆತಂದ. ಕಮಲದ ಬೀಜ, ಕೆಂಪು ಹುರುಳಿ, ಖರ್ಜೂರ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಒಂದು ಪಟ್ಟಿ, ಎಲ್ಲವನ್ನೂ ಕೆಂಪು ಕಾಗದದಲ್ಲಿ ಕಟ್ಟಿ ತಂದಿದ್ದರು. ಪೇಟೆಯ ಐದು ಜನ ಹಿರಿಯರ ಎದುರು ಅವಳು ಮೂರು ಸಲ ಹಣೆ ನೆಲಕ್ಕೆ ತಾಗಿಸಿ, ಮಂಡಿಯೂರಿಯೇ ಚಹಾ ಕೊಟ್ಟಳು. ಗುರುಗಳು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಇವತ್ತಿಂದ ನಿಂಗೆ ಇಬ್ರು ಅಪ್ಪಂದಿರು" ಎಂದರು. "ಅವನು ಬೈದ್ರೆ ಮುನಿಸ್ಕೋಬೋದು. ನಾನು ಬೈದ್ರೆ ಮುನಿಸ್ಕೊಳ್ಳೋ ಹಾಗಿಲ್ಲ."

ಮೊದಲ ವರ್ಷವೆಲ್ಲ ಗುಡಿಸುವುದು, ಬೇರು ಹೆಚ್ಚುವುದು, ಗೋಡೆಯುದ್ದದ ಇನ್ನೂರ ನಲವತ್ತು ಖಾನೆಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳುವುದು. ಎರಡನೇ ವರ್ಷ ಕಷಾಯಗಳ ಪದ್ಯಗಳನ್ನು ಬಾಯಿಪಾಠ ಮಾಡುವುದು. ಪ್ರತಿಯೊಂದು ಔಷಧಿಯನ್ನೂ ಅಗಿದು ನುಂಗಿಸುತ್ತಿದ್ದರು. ಒಂದು ಕಹಿ ಬೇರು ಅಗಿದು ಅವಳು ಮುಖ ಕಿವುಚಿದ್ದಕ್ಕೆ ಇನ್ನೊಂದು ತುಂಡು ಬಾಯಿಗಿಟ್ಟರು. "ರೋಗಿ ಇದನ್ನ ಹದಿನೈದು ದಿನ ಕುಡೀಬೇಕು. ನೀನು ಒಂದು ಸಲಕ್ಕೇ ಹೀಗಾ?" ರೂಯಿಂಗ್ ಅದನ್ನೂ ನುಂಗಿದಳು.

ಮೂರನೇ ವರ್ಷ ಗುರುಗಳು ಅವಳನ್ನು ತಮ್ಮ ಮೇಜಿನ ಪಕ್ಕ ಕೂರಿಸಿಕೊಂಡರು. ಅಲ್ಲಿಯ ಪದ್ಧತಿ ಇದು: ರೋಗಿಯ ಬಲಗೈಯ ನಾಡಿ ಗುರು ಹಿಡಿಯುತ್ತಾರೆ, ಎಡಗೈಯದು ಶಿಷ್ಯೆ. ಮಾತು ಗುರುವಿನದು. ಗುರು ಔಷಧಿಯ ಹೆಸರು, ತೂಕ ಹೇಳುತ್ತಾ ಹೋಗುತ್ತಾರೆ, ಶಿಷ್ಯೆ ಬರೆಯುತ್ತಾಳೆ, ಗುರು ಕೆಂಪು ಮುದ್ರೆ ಒತ್ತುತ್ತಾರೆ. ಚೀಟಿ ಪಕ್ಕದ ಕೋಣೆಯಲ್ಲಿ ಔಷಧಿ ತೂಗುವ ಮಗ ಶಿಛೇನನ ಕೈಗೆ ಹೋಗುತ್ತದೆ. ರೋಗಿಯ ಎದುರು ಶಿಷ್ಯೆ ತುಟಿ ಬಿಚ್ಚುವಂತಿಲ್ಲ. ಗುರುವಿನ ಮಾತಿಗೆ ಎದುರಾಡುವುದಿರಲಿ, ಗುರು ಸೀನಿದರೆ ಅವಳು ಮೂಗು ಒರೆಸಿಕೊಳ್ಳಬೇಕು, ಅಂಥ ಶಿಸ್ತು.

ಹೀಗೆ ಮೂರು ವರ್ಷ ಕಳೆದರೆ ಗುರು ಒಂದು ಕಾಗದ ಕೊಡಬೇಕು. "ಇವಳು ನನ್ನಲ್ಲಿ ಕಲಿತಳು, ಇವಳಿಗೆ ಬರುತ್ತದೆ" ಎಂಬ ಕಾಗದ. ಅದಿದ್ದರೆ ಜಿಲ್ಲೆಯ ಪರೀಕ್ಷೆಗೆ ಕೂರಬಹುದು, ಪಾಸಾದರೆ ಸ್ವಂತ ಮೇಜು ಹಾಕಬಹುದು. ಅವಳಿಗಿಂತ ಮುಂಚೆ ಬಂದ ಇಬ್ಬರು ಗಂಡಸರು ಮೂರೇ ವರ್ಷಕ್ಕೆ ಕಾಗದ ಹಿಡಿದು ಹೋಗಿದ್ದರು. ಅವರ ಅಕ್ಷರ ಕೋಳಿ ಕೆದರಿದ ಹಾಗಿತ್ತು, ಅವರು ಹೋದದ್ದೇ ಗುರುಗಳಿಗೆ ಸಮಾಧಾನ. ರೂಯಿಂಗಳನ್ನು ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಕೇಳಿದಾಗಲೆಲ್ಲ "ಇನ್ನೂ ನಾಡಿ ಕೈಗೆ ಹತ್ತಿಲ್ಲ", "ಈ ಚಳಿಗಾಲ ಕಳೀಲಿ", "ಈಗೇನವಸರ". ಅವಳು ಮದುವೆಯಾದಳು, ಮಗಳನ್ನು ಹೆತ್ತಳು, ಮಗಳು ಶಾಲೆಗೆ ಸೇರಿದಳು. ಗುರುಗಳ ಲೆಕ್ಕದಲ್ಲಿ ಮಾತ್ರ ಅವಳ ಕೈಗೆ ನಾಡಿ ಇನ್ನೂ ಹತ್ತಿರಲಿಲ್ಲ.

ಗಂಡ ದೆಂಗ್‌ಕೈ ಸಿಮೆಂಟ್ ಕಾರ್ಖಾನೆಯವನು, ನಾಲಿಗೆ ಸ್ವಲ್ಪ ಉದ್ದ. "ನಿಮ್ಮ ಗುರುಗಳಿಗೆ ಬೇಕಾಗಿರೋದು ನಿನ್ನ ಬಲಗೈ ಕಣೇ" ಎನ್ನುತ್ತಿದ್ದ. "ಬಿಚ್ಚೋ ಹಾಗಿದ್ರೆ ಅದನ್ನ ಅಲ್ಲೇ ಇಟ್ಟು ನೀನು ಮನೆಗೆ ಬಂದ್ಬಿಡು."

"ಗುರುಗಳ ಬಗ್ಗೆ ಹಗುರವಾಗಿ ಮಾತಾಡಬೇಡಿ" ಎಂದು ರೂಯಿಂಗ್ ಸಿಡುಕುತ್ತಿದ್ದಳು.

ಹದಿಮೂರನೇ ವರ್ಷದ ವಸಂತದಲ್ಲಿ ಆ ಬಸುರಿ ಬಂದಳು. ಮೀನು ಮಾರುವವನ ಸೊಸೆ, ನಾಲ್ಕು ತಿಂಗಳು, ಸೊಂಟನೋವು. ಗುರುಗಳು ನಾಡಿ ಹಿಡಿದು ನಕ್ಕರು. "ಗಟ್ಟಿ ಮಗು, ಭಯ ಬೇಡ" ಎಂದರು. ಅದಾದ ಒಂದೇ ನಿಮಿಷಕ್ಕೆ ಔಷಧಿ ಹೇಳತೊಡಗಿದವರು ನಡುವೆ "ಕುಸುಬೆ ಹೂವು, ಮೂರು ಚಿಯಾನ್" ಎಂದರು. ಚಿಯಾನ್ ಅವರ ಹಳೇ ತೂಕ, ಅದನ್ನು ಗ್ರಾಮಿಗೆ ಇಳಿಸಿ ಬರೆಯುವುದು ರೂಯಿಂಗಳ ಕೆಲಸ. ಅವಳ ಪೆನ್ನು ನಿಂತಿತು. ಬಸುರಿಗೆ ಕುಸುಬೆ ಹೂವು ಕೊಟ್ಟರೆ ಗರ್ಭ ಜಾರಬಹುದು ಎಂದು ಅವಳಿಗೆ ಎರಡನೇ ವರ್ಷದ ಪದ್ಯದಲ್ಲೇ ಕಲಿಸಿದ್ದವರು ಇದೇ ಗುರುಗಳು. ಅವಳು ಮುಖ ಎತ್ತಿ ನೋಡಿದಳು. ಅವರು ನೆಮ್ಮದಿಯಾಗಿ ಮುಂದಿನ ಹೆಸರು ಹೇಳುತ್ತಿದ್ದರು. ಬಸುರಿ ಎದುರಿಗೇ ಕೂತಿದ್ದಳು, ಅವಳ ಅತ್ತೆ ಪಕ್ಕದಲ್ಲಿದ್ದಳು, ಬೆಂಚಿನ ಮೇಲೆ ಇನ್ನೂ ಎಂಟು ಜನ. ರೂಯಿಂಗ್ ಕುಸುಬೆ ಹೂವಿನ ಜಾಗದಲ್ಲಿ ಸೊಂಟಕ್ಕೆ ಬಲ ಕೊಡುವ ತೊಗಟೆಯೊಂದರ ಹೆಸರು ಬರೆದಳು. ಗುರುಗಳು ನೋಡದೆ ಮುದ್ರೆ ಒತ್ತಿದರು. ಅವರು ನೋಡುವುದನ್ನು ಬಿಟ್ಟು ವರ್ಷಗಳಾಗಿದ್ದವು. "ರೂಯಿಂಗ್ ಬರೆದದ್ದನ್ನ ತಿರುಗಿ ನೋಡೋದು ಅಂದ್ರೆ ನನ್ನ ಮಾತನ್ನ ನಾನೇ ಅನುಮಾನಿಸಿದ ಹಾಗೆ" ಎಂದು ಎಲ್ಲರೆದುರು ಹೇಳುತ್ತಿದ್ದರು. ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ. ಅದನ್ನು ಕೇಳಿದಾಗಲೆಲ್ಲ ಅವಳ ಕಿವಿ ಕೆಂಪಾಗುತ್ತಿತ್ತು.

ಆ ದಿನ ಸಂಜೆ ಹೇಳಿಬಿಡಬೇಕೆಂದುಕೊಂಡಳು. ಗುರುಗಳು ಕಾಲು ಚಾಚಿ ಚಹಾ ಕುಡಿಯುತ್ತಾ, "ಇವತ್ತು ಇಪ್ಪತ್ತಾರು ಜನ. ಈ ವಯಸ್ಸಿಗೆ ಯಾರಿಗಾಗುತ್ತೆ ಹೇಳು" ಎಂದರು. ರೂಯಿಂಗಳ ಬಾಯಿಗೆ ಬಂದದ್ದು ಹಿಂದಕ್ಕೆ ಹೋಯಿತು. ಮನೆಗೆ ಹೋಗಿ ಮಗಳ ಹಳೇ ನೋಟುಬುಕ್ಕಿನ ಹಿಂಬದಿಯಿಂದ ಒಂದು ಹಾಳೆ ತೆರೆದು ಬರೆದಿಟ್ಟಳು: ಗುರುಗಳು ಹೇಳಿದ್ದು ಇಂಥದ್ದು, ನಾನು ಬರೆದದ್ದು ಇಂಥದ್ದು, ಕಾರಣ ಇಂಥದ್ದು. ನಾಳೆ ಏನಾದರೂ ಕೇಡಾದರೆ ತಪ್ಪು ತನ್ನದು, ಅವರದಲ್ಲ ಎನ್ನುವುದಕ್ಕೆ ಗುರುತು ಇರಲಿ ಎಂದೇ ಬರೆದಿಟ್ಟಳು.

ಕೇಡೇನೂ ಆಗಲಿಲ್ಲ. ಮೀನು ಮಾರುವವನಿಗೆ ಮೊಮ್ಮಗ ಹುಟ್ಟಿದ, ಅವನು ಥಾನ್ ವೈದ್ಯರಿಗೆ ಬಾತುಕೋಳಿ ತಂದುಕೊಟ್ಟ. ಆಮೇಲೆ ತಿಂಗಳಿಗೊಂದು ತಪ್ಪು, ಆಮೇಲೆ ವಾರಕ್ಕೊಂದು. ಸುತ್ತಲಿನ ಹೊಲಗಳಲ್ಲೆಲ್ಲ ವತ್ಸನಾಭಿ ಬೆಳೆಯುವ ಸೀಮೆ ಅದು, ಚಳಿಗೆ ಜನ ಅದರ ಗೆಡ್ಡೆಯನ್ನು ಕುರಿಮಾಂಸದ ಸಾರಿಗೇ ಹಾಕಿ ಕುಡಿಯುತ್ತಾರೆ. ಆದರೆ ಅದನ್ನು ಮೊದಲು ಬೇರೆಯಾಗಿ ಎರಡು ಗಂಟೆ ಕುದಿಸದಿದ್ದರೆ ವಿಷ. ಗುರುಗಳು "ಮೊದಲು ಕುದಿಸು" ಎಂದು ಬರೆಸುವುದನ್ನೇ ಮರೆಯತೊಡಗಿದರು. ರೂಯಿಂಗ್ ತಾನೇ ಸೇರಿಸಿ ಬರೆದಳು. ಕೊನೆಕೊನೆಗೆ ಅವರು ಹೇಳುತ್ತಿದ್ದುದು ಒಂದು ರೋಗಕ್ಕೆ, ಎದುರಿಗೆ ಕೂತಿದ್ದವನಿಗೆ ಇದ್ದುದು ಇನ್ನೊಂದು ರೋಗ. ಅವಳು ಎಡಗೈಯ ನಾಡಿಯಲ್ಲಿ ತನಗೆ ಸಿಕ್ಕಿದ್ದಕ್ಕೆ ತನ್ನ ಔಷಧಿ ಬರೆದಳು. ಅವರು ಹೇಳುವ ವೇಗಕ್ಕೆ ಸರಿಯಾಗಿ ಪೆನ್ನು ಓಡಿಸುತ್ತಿದ್ದಳು, ಯಾರಿಗೂ ಅನುಮಾನ ಬರಲಿಲ್ಲ.

ಪೇಟೆಯಲ್ಲಿ ಥಾನ್ ವೈದ್ಯರ ಹೆಸರು ಇನ್ನೂ ಮೇಲೇರಿತು. "ಅಪ್ಪನ ಬುದ್ಧಿಗೆ ವಯಸ್ಸೇ ಆಗಲ್ಲ ಮಾರಾಯ್ರೇ" ಎಂದು ಶಿಛೇನ್ ತಕ್ಕಡಿ ಹಿಡಿದು ಎಲ್ಲರಿಗೂ ಹೇಳುತ್ತಿದ್ದ. ಗುರುಪತ್ನಿಗೆ ಮಾತ್ರ ಒಳಗಿನದು ಗೊತ್ತಿತ್ತು. ಗಂಡ ಒಂದೇ ಊಟಕ್ಕೆ ಎರಡು ಸಲ ಕೂರುವುದು, ಸತ್ತ ತಮ್ಮನ ಬಗ್ಗೆ ವಿಚಾರಿಸುವುದು ಅವರ ಕಣ್ಣಿಗೆ ಬಿದ್ದಿತ್ತು. ಒಂದು ದಿನ ಬಾವಿಯ ಹತ್ತಿರ ರೂಯಿಂಗಳ ಮಣಿಕಟ್ಟು ಹಿಡಿದುಕೊಂಡರು.

"ಹೊರಗೆ, ಮೇಜಿನ ಹತ್ರ, ಸರಿಯಾಗಿದ್ದಾರಾ?"

"ಸರಿಯಾಗಿದ್ದಾರೆ ಅಮ್ಮಾ."

"ನೀನಿದ್ದೀಯಲ್ಲ, ನಂಗದೇ ಧೈರ್ಯ" ಎಂದು ಆ ಮುದುಕಿ ಕಣ್ಣೊರೆಸಿಕೊಂಡರು.

ಹೀಗೆ ನಾಲ್ಕು ವರ್ಷ ಹೋಯಿತು. ನೋಟುಬುಕ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ರೋಗಿಗಳಾದರು.

ಹದಿನೇಳನೇ ವರ್ಷ ಜಿಲ್ಲೆಯಿಂದ ಹೊಸ ಅರ್ಜಿ ನಮೂನೆ ಬಂತು. ಮುಂದಿನ ವರ್ಷದಿಂದ ನಿಯಮ ಬಿಗಿಯಾಗುತ್ತದಂತೆ, ಕಾಲೇಜು ಓದದವರು ಈಗ ಬಿಟ್ಟರೆ ಕಷ್ಟವಂತೆ ಎಂದು ಎಲ್ಲರೂ ಆಡಿಕೊಂಡರು. ನಮೂನೆಯಲ್ಲಿ ಎರಡು ಕೇಳಿದ್ದರು: ಈಗಲೂ ರೋಗಿಗಳನ್ನು ನೋಡುತ್ತಿರುವ ಗುರುವಿನ ಮುದ್ರೆ, ಮತ್ತು ಶಿಷ್ಯೆ ಸ್ವಂತ ವಿವೇಚನೆಯಿಂದ ಔಷಧಿ ನಿರ್ಧರಿಸಿದ ಹತ್ತು ರೋಗಿಗಳ ವಿವರ. ರೂಯಿಂಗಳಿಗೆ ಮೂವತ್ತೊಂಬತ್ತು ತುಂಬಿತ್ತು. ಬೆಳಿಗ್ಗೆ ರೋಗಿಗಳು ಬರುವ ಮುಂಚೆ ಚಹಾ ಮಾಡಿ, ನಮೂನೆಯನ್ನು ಎರಡೂ ಕೈಯಲ್ಲಿ ಹಿಡಿದು ಗುರುಗಳ ಎದುರು ನಿಂತಳು. ಆ ಬೆಳಿಗ್ಗೆ ಅವರ ತಲೆ ನೀರಿನ ಹಾಗೆ ತಿಳಿಯಾಗಿತ್ತು. ಅವಳ ದುರದೃಷ್ಟ ನೋಡಿ.

ಅವರು ಕನ್ನಡಕ ಹಾಕಿ ಪೂರ್ತಿ ಓದಿದರು. "ಸ್ವಂತ ವಿವೇಚನೆಯ ಹತ್ತು ರೋಗಿಗಳು. ಎಲ್ಲಿಂದ ತರ್ತೀಯ?"

ರೂಯಿಂಗ್ ಚಹಾದ ಬಟ್ಟಲನ್ನು ಅವರ ಹತ್ತಿರ ಸರಿಸಿದಳು.

"ಸುಳ್ಳು ಹೇಳಿ ಮುದ್ರೆ ಒತ್ತೋನಲ್ಲ ನಾನು. ಹದಿನೇಳು ವರ್ಷದಲ್ಲಿ ನೀನಾಗಿ ಒಂದು ಚೀಟಿ ಬರೆದವಳಲ್ಲ. ನಾನು ಹೇಳಿದೆ, ನೀನು ಬರೆದೆ. ಒಳ್ಳೇ ಕೈ ನಿಂದು, ಒಪ್ತೀನಿ. ಕೈ ಇದ್ದ ಮಾತ್ರಕ್ಕೆ ವೈದ್ಯೆ ಆಗಿಬಿಡ್ತೀಯಾ?"

ಗಂಡ ಹೇಳಿದ ಮಾತೇ ಗುರುಗಳ ಬಾಯಲ್ಲಿ ಬಂದದ್ದಕ್ಕೆ ಅವಳ ಮೈಯೆಲ್ಲ ಉರಿಯಿತು. ಹದಿನೇಳು ವರ್ಷದ ಸಿಟ್ಟು ಒಟ್ಟಿಗೇ ಮೇಲೆ ಬಂತು. ಚೀಲದಿಂದ ನೋಟುಬುಕ್ಕು ತೆಗೆದು ಅವರ ಮುಂದಿಟ್ಟಳು.

"ಹತ್ತಲ್ಲ ಗುರುಗಳೇ. ಇನ್ನೂರ ಹದಿನಾಲ್ಕಿದೆ. ಓದಿ."

ಅವರು ಓದಿದರು. ಮೊದಲ ಪುಟಕ್ಕೇ ಬೆರಳು ನಿಂತಿತು. ಆಮೇಲೆ ಒಂದೊಂದೇ ಪುಟ ಮಗುಚಿದರು. ಹೊರಗೆ ಬೆಂಚಿನ ಮೇಲೆ ರೋಗಿಗಳು ಕೆಮ್ಮುವುದು ಕೇಳುತ್ತಿತ್ತು. ಚಹಾ ಆರಿಹೋಯಿತು. ಪುಸ್ತಕ ಮುಚ್ಚಿದಾಗ ಅವರ ಮುಖ ಸುಣ್ಣದ ಗೋಡೆಯಾಗಿತ್ತು.

"ಆ ಬಸುರಿ ಎದ್ದುಹೋದ ಮೇಲೆ," ಎಂದರು, "ಬಾಗಿಲು ಹಾಕಿ, ಗುರುಗಳೇ ನೀವು ಹೇಳಿದ್ದು ತಪ್ಪು ಅಂತ ಒಂದು ಮಾತು ಹೇಳಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ?"

"ನಿಮ್ಮ ಮರ್ಯಾದೆ…"

"ಮರ್ಯಾದೆ! ನಾಲ್ಕು ವರ್ಷ ನನ್ನನ್ನ ಬೊಂಬೆ ಮಾಡಿ ಕೂರಿಸಿದ್ದೀಯಲ್ಲೇ. ಬಾಯಿ ನಂದು, ಮುದ್ರೆ ನಂದು, ಔಷಧಿ ನಿಂದು. ನೀನು ಜ್ವರ ಬಂದು ಮಲಗಿದ ದಿನ ಶಿಛೇನ್ ಬರೆದಿದ್ರೆ? ಅವನು ನಾನು ಹೇಳಿದ್ದನ್ನೇ ಬರೀತಿದ್ದ. ಯಾರೋ ಒಬ್ರು ಸಾಯ್ತಿದ್ರು. ಅದನ್ನ ಯೋಚಿಸಿದ್ಯಾ? ಮೊದಲನೇ ದಿನ ಹೇಳಿದ್ರೆ ಅವತ್ತೇ ಈ ಕುರ್ಚಿ ಬಿಟ್ಟೇಳ್ತಿದ್ದೆ. ನಿನ್ನನ್ನೇ ಕೂರಿಸ್ತಿದ್ದೆ."

ನಿಜಕ್ಕೂ ಬಿಟ್ಟೇಳುತ್ತಿದ್ದರೇ? ಅಷ್ಟರವರೆಗೆ ಹದಿಮೂರು ವರ್ಷ ಒಂದು ಕಾಗದ ಕೊಡದವರು ಕುರ್ಚಿ ಕೊಡುತ್ತಿದ್ದರು ಎಂದರೆ ನಂಬುವುದು ಕಷ್ಟ. ಆದರೆ ಜ್ವರದ ಮಾತು ಸುಳ್ಳಾಗಿರಲಿಲ್ಲ. ಆ ನಾಲ್ಕು ವರ್ಷದಲ್ಲಿ ಅವಳು ಜ್ವರದಲ್ಲೂ ಬಂದಿದ್ದಳು, ತಾಯಿ ಸತ್ತ ಮೂರನೇ ದಿನಕ್ಕೂ ಬಂದಿದ್ದಳು. ಅದನ್ನು ಹೇಳಿ ಏನು ಪ್ರಯೋಜನ?

ಗುರುಗಳು ನಮೂನೆ ಎಳೆದುಕೊಂಡು ಮುದ್ರೆ ಕೈಗೆತ್ತಿಕೊಂಡರು. "ಒತ್ತುತೀನಿ. ನಿನಗೆ ಬರುತ್ತೆ, ಅದು ಸತ್ಯ. ಆದ್ರೆ ಈ ನೋಟುಬುಕ್ಕನ್ನೂ ಇದರ ಜೊತೆ ಕೊಡಬೇಕು. ಎಲ್ಲಾರೂ ಓದಲಿ. ಥಾನ್ ತಪ್ಪು ಹೇಳಿದ, ನಾನು ತಿದ್ದಿದೆ ಅಂತ ನಾಲ್ಕು ಜನರ ಎದುರು ನಿಂತು ಹೇಳು. ತಪ್ಪನ್ನ ತಪ್ಪು ಅಂತ ಬಾಯಿ ಬಿಟ್ಟು ಹೇಳಲಾರದವಳು ಎಂಥಾ ವೈದ್ಯೆ? ಹೇಳ್ತೀಯಾ?"

ಬಾಗಿಲ ಮರೆಯಲ್ಲಿ ಗುರುಪತ್ನಿ ನಿಂತಿದ್ದರು. ರೂಯಿಂಗಳನ್ನೇ ನೋಡುತ್ತಿದ್ದರು. ರೂಯಿಂಗ್ ನೋಟುಬುಕ್ಕು ಎತ್ತಿಕೊಂಡು ಚೀಲಕ್ಕೆ ಹಾಕಿದಳು. ಮುದ್ರೆ ಒತ್ತದ ನಮೂನೆಯನ್ನೂ ಎತ್ತಿಕೊಂಡಳು. ಮೂರು ಸಲ ಹಣೆ ನೆಲಕ್ಕೆ ತಾಗಿಸಿ ಹೊರಬಿದ್ದಳು. ಅರ್ಜಿ ಕೊಡಲು ಹತ್ತು ದಿನ ಉಳಿದಿತ್ತು. ಹತ್ತು ದಿನವೂ ಅವಳು ಮನೆಯಲ್ಲಿ ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಒಗೆದಳು. ದೆಂಗ್‌ಕೈ ಅವನ್ನು ಹಿಂಡಿ ಹಗ್ಗಕ್ಕೆ ಹಾಕಿದ. ಗಡುವು ಮುಗಿದ ದಿನ ನೋಟುಬುಕ್ಕನ್ನು ಒಲೆಗೆ ಹಾಕಿದಳು.

ಥಾನ್ ವೈದ್ಯರು ಮಾರನೇ ದಿನದಿಂದಲೇ ಮೇಜಿಗೆ ಕೂರಲಿಲ್ಲ. ಕಣ್ಣು ಮಂಜು ಎಂದು ಹೇಳಿಕಳಿಸಿದರು. ಪೇಟೆ ಬೇರೆಯೇ ಕತೆ ಕಟ್ಟಿತು. ಕಾಗದಕ್ಕಾಗಿ ಶಿಷ್ಯೆ ಜಗಳ ತೆಗೆದಳಂತೆ, ಮುದುಕರ ಎದೆ ಒಡೆಯಿತಂತೆ. ಮೀನು ಮಾರುವವನು ಬೀದಿಯಲ್ಲಿ ಅವಳ ಮುಖಕ್ಕೇ ಹೇಳಿದ: "ನನ್ನ ಮೊಮ್ಮಗನ್ನ ಉಳಿಸಿದ ದೇವರು ಕಣಮ್ಮಾ ಅವರು. ಅವರನ್ನ ಅಳಿಸಿಬಿಟ್ಯಲ್ಲ, ಅನ್ನ ಉಂಡ ಮನೆ ಅಲ್ವಾ ಅದು?" ರೂಯಿಂಗ್ ತಲೆ ತಗ್ಗಿಸಿ ಮೂಲಂಗಿ ಕೊಂಡು ಮನೆಗೆ ಬಂದಳು. ನದಿಯಾಚೆಯ ಊರಿನ ದೊಡ್ಡ ಔಷಧಿ ಅಂಗಡಿಯಲ್ಲಿ ತೂಗುವ ಕೆಲಸ ಸಿಕ್ಕಿತು. ಬಿಳಿ ಕೋಟಿನ ಹುಡುಗರು ಬರೆದ ಚೀಟಿಯಂತೆ ತೂಗಿ ಕಟ್ಟುವುದು. ಕೆಲವು ಚೀಟಿ ನೋಡಿ ಅವಳಿಗೆ ನಗು ಬರುತ್ತಿತ್ತು, ಕೆಲವಕ್ಕೆ ಅಳು. ತೂಗುತ್ತಿದ್ದಳು, ಕಟ್ಟುತ್ತಿದ್ದಳು.

ಮೂರು ವರ್ಷದ ಮೇಲೆ ಗುರುಪತ್ನಿಯಿಂದ ಕರೆ ಬಂತು. "ಒಂದು ಸಲ ಬಂದುಹೋಗಮ್ಮಾ. ಆಸ್ಪತ್ರೆ ಮಾತ್ರೆ ಉಗುಳ್ತಾರೆ. ತಮ್ಮ ಔಷಧಿ ತಾವೇ ಹೇಳ್ತೀನಿ ಅಂತಾರೆ. ಅದನ್ನ ಕೊಡೋದೋ ಬಿಡೋದೋ ಶಿಛೇನನಿಗೆ ಗೊತ್ತಾಗಲ್ಲ."

ಮಧ್ಯಾಹ್ನ ರೂಯಿಂಗ್ ಹೋದಾಗ ಗುರುಗಳು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದರು. ಕಾಲು ಊದಿಕೊಂಡಿತ್ತು, ಚಳಿಗಾಲದಲ್ಲೂ ಹಣೆಯ ತುಂಬ ಬೆವರು. ಅವಳು ಕಾಲಿಗೆ ಬಿದ್ದಾಗ ಬೆದರಿ ಕಾಲು ಹಿಂದಕ್ಕೆಳೆದುಕೊಂಡರು.

"ಯಾರಮ್ಮಾ ನೀನು? ಬರೆಯೋಕೆ ಬರುತ್ತಾ?"

"ಬರುತ್ತೆ ಗುರುಗಳೇ."

"ಬರ್ಕೋ ಹಾಗಿದ್ರೆ." ತಮ್ಮ ಬಲಗೈಯ ನಾಡಿಯನ್ನು ತಾವೇ ಹಿಡಿದುಕೊಂಡರು. "ರೋಗಿ ಗಂಡಸು, ವಯಸ್ಸಾಗಿದೆ. ಉಸಿರು ಕಟ್ಟುತ್ತೆ, ಚಳಿ ಹೊಕ್ಕಿದೆ. ಮಾಹ್ವಾಂಗ್ ಕಡ್ಡಿ ಮೂರು ಚಿಯಾನ್. ದಾಲ್ಚಿನ್ನಿ ಕಡ್ಡಿ ಎರಡು."

ಅವಳು ಅಭ್ಯಾಸದಂತೆ ಅವರ ಎಡಗೈ ಹಿಡಿದಿದ್ದಳು. ನಾಡಿ ದಾರದ ಎಳೆಯಷ್ಟಿತ್ತು. ಮಾಹ್ವಾಂಗ್ ಬೆವರು ಬಿಡಿಸುವ ಔಷಧಿ. ಮೊದಲಾಗಿದ್ದರೆ ಅವಳು ಸದ್ದಿಲ್ಲದೆ ಬೇರೆಯದನ್ನು ಬರೆದು ಮುಂದೆ ಹೋಗುತ್ತಿದ್ದಳು. ಪೆನ್ನು ಕೆಳಗಿಟ್ಟಳು.

"ತಪ್ಪು ಗುರುಗಳೇ."

ಗುರುಪತ್ನಿ ಬೆಚ್ಚಿದರು. ಮುದುಕರು ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. "ಏನು ತಪ್ಪು?"

"ಇಷ್ಟು ಬೆವರೋರಿಗೆ ಮಾಹ್ವಾಂಗ್ ಕೊಟ್ರೆ ಇರೋ ಉಸಿರೂ ಬೆವರಿನ ಜೊತೆ ಹೋಗುತ್ತೆ. ಚಳಿ ಹೊಕ್ಕಿಲ್ಲ. ಹೃದಯ ಸೋತಿದೆ. ಬೆವರನ್ನ ಕಟ್ಟೋ ಔಷಧಿ ಬೇಕು, ಬಿಡಿಸೋದಲ್ಲ."

ಅವರು ಮತ್ತೆ ನಾಡಿ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು. "ಹೌದಲ್ಲ" ಎಂದರು ಕೊನೆಗೆ, ಮುಖ ಅರಳಿತು. "ಹೌದು ಕಣಮ್ಮಾ. ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಹಾಗೇ ಹೇಳಬೇಕು. ಯಾರು ನಿನ್ನ ಗುರು?"

"ಮಾಜಿಂಗ್ ಪೇಟೆಯ ಥಾನ್ ಯುವಾನ್‌ಹೆಂಗ್."

"ಕೇಳಿದೀನಿ, ಕೇಳಿದೀನಿ. ಹೆಸರಿದೆ ಅವನಿಗೆ. ನೀನೆಲ್ಲಿ ಮೇಜು ಹಾಕಿದ್ದೀಯ?"

"ಎಲ್ಲೂ ಇಲ್ಲ. ನಂಗೆ ಕಾಗದ ಆಗಿಲ್ಲ."

"ಇಷ್ಟು ಗೊತ್ತಿದ್ದೂ?"

"ಅವರು ಮುದ್ರೆ ಒತ್ತಲಿಲ್ಲ."

ಮುದುಕರು ಲೊಚಗುಟ್ಟಿದರು. "ಹಾಗಿದ್ರೆ ಹೊಟ್ಟೆಕಿಚ್ಚಿನ ಮುದುಕ ಇರಬೇಕು ಅವನು. ಶಿಷ್ಯೆ ತನಗಿಂತ ಮುಂದೆ ಹೋಗ್ತಾಳೆ ಅಂತ…"

"ನಮ್ಮ ಗುರುಗಳ ಬಗ್ಗೆ ನನ್ನೆದುರಿಗೆ ಹಾಗೆ ಮಾತಾಡಬೇಡಿ!"

ಅವಳ ದನಿ ಎಷ್ಟು ಏರಿತೆಂದರೆ ಔಷಧಿ ಕೋಣೆಯಿಂದ ಶಿಛೇನ್ ಓಡಿಬಂದ. ಹೇಳಿದ ಮರುಕ್ಷಣ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಹದಿನೇಳು ವರ್ಷ ತಾನು ಕೇಳಬೇಕೆಂದು ಕಾದ ಮಾತು ಅದು, ಹೇಳಬೇಕಾದವರ ಬಾಯಿಂದಲೇ ಬಂದಿತ್ತು, ಅದನ್ನು ಪೂರ್ತಿ ಹೇಳಲೂ ಬಿಡಲಿಲ್ಲ.

ಮುದುಕರು ಎರಡು ಕೈ ಜೋಡಿಸಿ, ಸಮಾನರಿಗೆ ಮಾಡುವ ಹಾಗೆ ತಲೆಬಾಗಿದರು. "ತಪ್ಪಾಯ್ತು ವೈದ್ಯರೇ. ಸಿಟ್ಟಾಗಬೇಡಿ." ಕಾಗದವನ್ನೂ ಪೆನ್ನನ್ನೂ ತಮ್ಮ ಕಡೆ ಎಳೆದುಕೊಂಡರು. "ಈ ರೋಗಿಗೆ ಔಷಧಿ ನೀವೇ ಹೇಳಿ, ನಾನು ಬರ್ಕೋತೀನಿ."

ರೂಯಿಂಗ್ ಹೇಳಿದಳು. ಒಂದೊಂದೇ ಹೆಸರು, ಒಂದೊಂದೇ ತೂಕ ಬಿಡಿಸಿ ಹೇಳಿದಳು. ಅವರು ನಾಲಿಗೆ ತುದಿ ಕಚ್ಚಿಕೊಂಡು, ಏಳು ಸಾಲು ಬರೆದರು. ಎರಡು ಕಡೆ ಕೇಳಿ ಖಚಿತ ಮಾಡಿಕೊಂಡರು. ಗುರುಪತ್ನಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

"ಕೆಳಗೆ, ಮುದ್ರೆ ಜಾಗದಲ್ಲಿ, ಯಾರ ಹೆಸರು ಹಾಕ್ಲಿ ವೈದ್ಯರೇ?" ಎಂದು ಮುದುಕರು ಕೇಳಿದರು.

"ಥಾನ್ ಯುವಾನ್‌ಹೆಂಗ್ ಅಂತ ಹಾಕಿ" ಎಂದಳು ರೂಯಿಂಗ್.